ಹನುಮಯ್ಯನ ನೇಟಿವ್ ಪ್ಲೇಸು

ನಮ್ಮ ಹನುಮಯ್ಯ ಕೂತಲ್ಲಿ ಕೂರುವ ಆಸಾಮಿಯಲ್ಲ. ಕಾರ್ಖಾನೆಯಲ್ಲಿ ಟೀ ಗಂಟೆ ಹೊಡೆದರೆ ನಾವೆಲ್ಲ ಗೋಡೆಗೆ ಒರಗಿ ಕಾಲು ಚಾಚುತ್ತಿದ್ದೆವು, ಅವನು ಲೋಟ ಹಿಡಿದುಕೊಂಡೇ ಗೇಟಿನ ತನಕ ಹೋಗಿ ಬರುತ್ತಿದ್ದ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವನು ಅಂತ ನಾನೇ ಅವನನ್ನು ಆಡಿಕೊಳ್ಳುತ್ತಿದ್ದೆ. ಆದರೆ ಇಷ್ಟೆಲ್ಲ ಓಡಾಡುವ ಮನುಷ್ಯ ಒಂದು ಹಬ್ಬಕ್ಕಾದರೂ ಊರಿಗೆ ಅಂತ ಹೋದದ್ದಿಲ್ಲ. ಅವನಿಗೆ ಊರಿರಲಿಲ್ಲ ಅಂತಲ್ಲ. ಊರು ಅವನ ಕಾಲ ಕೆಳಗೇ ಇತ್ತು, ತೊಂದರೆ ಇದ್ದದ್ದೇ ಅಲ್ಲಿ.

ನಾನು ಗಂಗಾಧರಯ್ಯ, ತಿಪಟೂರು ತಾಲ್ಲೂಕಿನ ಗೊರವನಕಟ್ಟೆಯವನು. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಸೀಲಿಂಗ್ ಫ್ಯಾನ್ ಮಾಡುವ ಒಂದು ಕಾರ್ಖಾನೆ. ಅದರ ವೈಂಡಿಂಗ್ ಸೆಕ್ಷನ್ನಿನಲ್ಲಿ ನಾನೂ ಹನುಮಯ್ಯನೂ ಅಕ್ಕಪಕ್ಕದ ಮಿಷನ್ನಿನ ಮುಂದೆ ತಾಮ್ರದ ತಂತಿ ಸುತ್ತುತ್ತಿದ್ದೆವು. ವಿಜಯನಗರದಲ್ಲಿ ನನ್ನ ಬಾಡಿಗೆ ಮನೆ, ಅದರ ಬೆನ್ನಿಗೇ ಅವನ ಅತ್ತಿಗುಪ್ಪೆ. ಹೀಗಾಗಿ ಕೆಲಸಕ್ಕೆ ಹೋಗುವಾಗಲೂ ಬರುವಾಗಲೂ ಸೈಕಲ್ಲಿನಲ್ಲಿ ಜೊತೆ. ನಾನು ಇದ್ದ ಬೀದಿ, ಅದರಾಚೆಯ ಬಸ್ ಸ್ಟಾಪು, ಪಾರ್ಕು ಅಂತ ಬೇಲಿ ಹಾಕಿ ಬಿಟ್ಟ ಜಾಗ, ಇವೆಲ್ಲ ಒಂದು ಕಾಲಕ್ಕೆ ಅವನ ಅಪ್ಪ, ದೊಡ್ಡಪ್ಪಂದಿರ ಹೊಲ. ನಾನು ಮನೆ ಮುಂದೆ ಹಲ್ಲುಜ್ಜಿ ಉಗಿದರೆ ಅವನು ಆ ಕಡೆ ನೋಡಿ, “ಅವರೆ ಸಾಲಿಗೆ ನೀರು ಬಿಟ್ಟೆ ನೋಡು” ಅಂತ ನಗುತ್ತಿದ್ದ.

ನಮ್ಮ ಕಾರ್ಖಾನೆಯಲ್ಲಿ ಯಾರೂ ಬರೆದಿಡದ ಒಂದು ಕಾನೂನಿತ್ತು. ಯುಗಾದಿ, ಗೌರಿಹಬ್ಬ, ಮಹಾಲಯ ಅಮಾವಾಸ್ಯೆ ಬಂತೆಂದರೆ ಊರಿಗೆ ಹೋಗುವವರಿಗೆ ರಜೆ. ಹಾಗಂತ ಮಿಷನ್ನು ನಿಲ್ಲುವ ಹಾಗಿಲ್ಲವಲ್ಲ, ಅದಕ್ಕೆ ಲೋಕಲ್ ಜನ. ನಿನಗೇನಪ್ಪ, ಮನೆ ಇಲ್ಲೇ, ಶಿಫ್ಟ್ ಮುಗಿಸಿ ಹೋಗಿ ಒಬ್ಬಟ್ಟು ತಿನ್ನು ಅಂತ ಅವರ ಬಾಯಿ ಮುಚ್ಚಿಸುತ್ತಿದ್ದರು. ನಾವು ಹಬ್ಬ ಮುಗಿಸಿ ಚೀಲದ ತುಂಬ ಕಾಯಿ, ಚಕ್ಕುಲಿ ಹೊತ್ತುಕೊಂಡು ಬಂದು, ಕೆರೆ ತುಂಬಿತು, ಹಸು ಕರು ಹಾಕಿತು, ದಾಯಾದಿಗಳು ಕಿತ್ತಾಡಿದರು ಅಂತ ಊರಿನ ಸುದ್ದಿ ಬಿಚ್ಚುತ್ತಿದ್ದೆವು. ಹನುಮಯ್ಯ ಒಂದು ಚಕ್ಕುಲಿ ಬಾಯಿಗಿಟ್ಟುಕೊಂಡು ಕೇಳುತ್ತ ಕೇಳುತ್ತ ಎದ್ದು ಗೇಟಿನ ಕಡೆ ಹೊರಟುಬಿಡುತ್ತಿದ್ದ.

ಒಂದು ಸಲ ನಾನು ಅದನ್ನೇ ಹಿಡಿದು ಕಿಚಾಯಿಸಿದೆ. ಅವನು ತಿರುಗಿ ನಿಂತ.

“ಲೋಕಲ್ ಅಂದ್ರೆ ಇಲ್ಲಿಯೋನು ಅಂತಲ್ಲ ಗುರು. ಊರಿಲ್ಲದೋನು ಅಂತ.”

ನನಗೆ ಅದರ ತೂಕ ಆಗ ತಿಳಿಯಲಿಲ್ಲ. ಊರಿರುವವನಿಗೆ ಹೇಗೆ ತಿಳಿಯಬೇಕು?

ಇದರ ಮಧ್ಯೆ ಪದ್ಮನಾಭ ಅಂತ ರಜೆ, ಹಾಜರಿ ನೋಡುವ ಹೊಸ ಪರ್ಸೊನೆಲ್ ಆಫೀಸರ್ ಬಂದರು. ಇಸ್ತ್ರಿ ಮುರಿಯದ ಪ್ಯಾಂಟು, ಅಳತೆ ಮಾಡಿ ಬಿಡುವ ಮಾತು. ಅವರು ಬಂದವರೇ, ಇನ್ನು ಮೇಲೆ ಲೀವ್ ಲೆಟರನ್ನು ಇಂಗ್ಲಿಷಿನಲ್ಲಿ ಅವರವರೇ ಬರೆದು, ಕಾರಣವನ್ನು ಆಫೀಸಿನಲ್ಲಿ ಇಂಗ್ಲಿಷಿನಲ್ಲೇ ಹೇಳಬೇಕು ಅಂತ ಬೋರ್ಡು ಹಾಕಿಸಿದರು. ಕನ್ನಡಕ್ಕಾಗಿ ಊರಿಗೂರೇ ಬೀದಿಗಿಳಿದಿದ್ದ ಮರುವರ್ಷದ ಮಾತಿದು, ಎಂಬತ್ತಮೂರು. ಹೊರಗೆ ಅಂಗಡಿಯ ಹೆಸರುಗಳಿಗೆ ಕನ್ನಡದ ಬಣ್ಣ ಬಳಿಯುತ್ತಿದ್ದರು, ಒಳಗೆ ನಾವು ತಲೆನೋವಿಗೂ ಇಂಗ್ಲಿಷ್ ಹುಡುಕುತ್ತಿದ್ದೆವು. ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಉರಿದು ಮಾಡುವುದೇನು, ರಜೆ ಬೇಕಲ್ಲ.

ವಿಜಯನಗರದಲ್ಲಿ ಒಂದು ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ ಚಕ್ರಪಾಣಿ ಮೇಷ್ಟ್ರು ಭಾನುವಾರ ಬೆಳಿಗ್ಗೆ ಇಂಗ್ಲಿಷ್ ಪಾಠ ಮಾಡುತ್ತಿದ್ದರು. ಹೈಸ್ಕೂಲಿನಿಂದ ರಿಟೈರಾದವರು. ಕೆಳಗೆ ಗಿರಣಿ ಶುರುವಾದರೆ ಮೇಲೆ ಬೆಂಚು ಅದುರುತ್ತಿತ್ತು, ಸೀಮೆಸುಣ್ಣದ ಪುಡಿ ಯಾವುದು ಅಕ್ಕಿಹಿಟ್ಟು ಯಾವುದು ಅಂತ ಗೊತ್ತಾಗುತ್ತಿರಲಿಲ್ಲ. ನಾವು ಅವರಿಗೆ ಮೊದಲೇ ಹೇಳಿಬಿಟ್ಟಿದ್ದೆವು, ನಮಗೆ ರಜೆಗೆ ಬೇಕಾಗುವಷ್ಟು ಇಂಗ್ಲಿಷ್ ಸಾಕು ಅಂತ. ಅವರೂ ತಕರಾರು ಮಾಡದೆ ವಾರಕ್ಕೊಂದು ಪದಪುಂಜ ಹಿಡಿದು ಅದರಲ್ಲಿ ಎಲ್ಲರ ಬಾಯಲ್ಲೂ ವಾಕ್ಯ ಕಟ್ಟಿಸುತ್ತಿದ್ದರು. ಒಂದು ವಾರ ಅರ್ಜೆಂಟ್ ವರ್ಕ್, ಇನ್ನೊಂದು ವಾರ ಸಿಸ್ಟರ್ಸ್ ಮ್ಯಾರೇಜ್. ತಂಗಿಯೇ ಇಲ್ಲದವರೂ ಅವತ್ತು ಧಾರೆ ಎರೆದರು.

ನೇಟಿವ್ ಪ್ಲೇಸ್ ಬಂದ ಭಾನುವಾರ ನಮ್ಮೆಲ್ಲರಿಗೂ ಹಬ್ಬ. ಮೇಷ್ಟ್ರ ಲೆಕ್ಕದಲ್ಲಿ ಒಬ್ಬೊಬ್ಬರೂ ಮೂರು ವಾಕ್ಯ ಹೇಳಬೇಕು: ಊರು ಯಾವುದು ಅಂತ ಒಂದು, ಅಲ್ಲಿಗೆ ಹೋಗುತ್ತೇನೆ ಅಂತ ಒಂದು, ಅಲ್ಲಿಂದ ಬರುತ್ತೇನೆ ಅಂತ ಒಂದು. ನಾನು ಎದ್ದು ನಿಂತು, ಮೈ ನೇಟಿವ್ ಪ್ಲೇಸ್ ಈಸ್ ಗೊರವನಕಟ್ಟೆ ಅಂತ ಶುರು ಮಾಡಿ ಗಡಗಡ ಮುಗಿಸಿ ಕೂತೆ. ಹಾಸನದವನು, ಕುಣಿಗಲ್ಲಿನವನು, ಮಾಗಡಿಯವನು ಎಲ್ಲರದೂ ಸಲೀಸಾಗಿ ಆಯಿತು. ಹನುಮಯ್ಯನ ಸರದಿ ಬಂತು. ಅವನು ಮೊದಲೇ ನಿಂತಿದ್ದ, ಅವನಿಗೆ ಬೆಂಚು ಆಗಿಬರುತ್ತಿರಲಿಲ್ಲ. ಅತ್ತಿಗುಪ್ಪೆ ತನ್ನ ನೇಟಿವ್ ಪ್ಲೇಸು ಅಂತ ಮೊದಲ ವಾಕ್ಯ ಸರಿಯಾಗಿಯೇ ಹೇಳಿದ. ಎರಡನೆಯದಕ್ಕೆ ‘ಐ ಗೋ ಟು ಮೈ’ ತನಕ ಬಂದು ನಿಂತುಬಿಟ್ಟ. ಕಿಟಕಿಯ ಹತ್ತಿರ ಹೋದ, ವಾಪಸು ಬಂದ.

“ಹೋಗೋದು ಎಲ್ಲಿಂದ ಸಾರ್?” ಅಂತ ಕೇಳಿದ.

ಎಲ್ಲರೂ ನಕ್ಕರು. ಮೇಷ್ಟ್ರು ನಗಲಿಲ್ಲ. ಸೀಮೆಸುಣ್ಣವನ್ನು ಬೆರಳಲ್ಲಿ ಹೊರಳಿಸುತ್ತ ಸ್ವಲ್ಪ ಯೋಚಿಸಿ, ವಾಕ್ಯದಲ್ಲಿ ದೋಷವೇನಿಲ್ಲ, ಆದರೆ ಅದನ್ನು ಹೇಳುವ ಮನುಷ್ಯ ಊರಿನಿಂದ ದೂರ ಇರಬೇಕಾಗುತ್ತದೆ ಅಂದರು. ಹನುಮಯ್ಯನಿಗೆ ಆ ಮಾತು ನಾಟಿತು. ಪಾಠ ಮುಗಿದ ಮೇಲೆ ಅವನು ನನ್ನನ್ನು ಮನೆಗೆ ಹೋಗಲು ಬಿಡಲಿಲ್ಲ. ಸೈಕಲ್ ತಿರುಗಿಸಿಕೊಂಡು ತನ್ನ ಹಿಂದೆ ಬಾ ಅಂದ.

ಅತ್ತಿಗುಪ್ಪೆಯ ಹೊಸ ಬೀದಿಯಲ್ಲಿ ಎರಡು ತಾರಸಿ ಮನೆಗಳ ನಡುವೆ ಒಂದು ಖಾಲಿ ಸೈಟು. ಪಾರ್ಥೇನಿಯಂ ಗಿಡ ಎದೆಮಟ್ಟ ಬೆಳೆದಿತ್ತು. ಮೂಲೆಯಲ್ಲಿ ಒಂದು ಹೊಂಗೆ ಮರ, ಅದರ ಬುಡದಲ್ಲಿ ಒಂದು ಮಣ್ಣಿನ ದಿಬ್ಬ, ದಿಬ್ಬದ ತಲೆಗೆ ಅರಿಶಿನ ಮಾಸಿದ ಒಂದು ಕಲ್ಲು. ಅದು ಅವನ ಅಪ್ಪ ಮುನಿವೆಂಕಟಪ್ಪನವರ ಸಮಾಧಿ. ದಿನಾ ಬೆಳಿಗ್ಗೆ ಡ್ಯೂಟಿಗೆ ಬರುವ ಮುಂಚೆ ಅವನು ಈ ಸೈಟಿಗೆ ಒಂದು ಸುತ್ತು ಹಾಕಿ ಬರುತ್ತಿದ್ದನಂತೆ. ಅಷ್ಟು ವರ್ಷ ಜೊತೆಗೆ ಸೈಕಲ್ ತುಳಿದ ನನಗೆ ಅದು ಅವತ್ತೇ ಗೊತ್ತಾದದ್ದು. ಈಗ ಸೈಟಿನ ನಾಲ್ಕು ಮೂಲೆಗೂ ಯಾರೋ ಸುಣ್ಣ ಬಳಿದ ಕಲ್ಲು ನೆಟ್ಟಿದ್ದರು.

ಇವರ ಹೊಲವನ್ನು ಬಡಾವಣೆಗೆ ತೆಗೆದುಕೊಳ್ಳುವಾಗ ಸರ್ವೆಯವರು ಬಂದು ಹೊಲದಲ್ಲಿ ಏನೇನಿದೆ ಅಂತ ಬರೆದುಕೊಂಡರಂತೆ. ಹುಣಸೆ ಮರ, ಬಾವಿ, ದನದ ಕೊಟ್ಟಿಗೆ, ಕೊನೆಗೆ ತಿಪ್ಪೆಗುಂಡಿಯನ್ನೂ ಬಿಡಲಿಲ್ಲ. ಎಲ್ಲಕ್ಕೂ ಒಂದೊಂದು ಬೆಲೆ. ಇನ್ನೇನಾದರೂ ಇದೆಯಾ ಅಂತ ಅವರು ಕೇಳಿದಾಗ ಹನುಮಯ್ಯನ ತಾಯಿ ಅಕ್ಕಯ್ಯಮ್ಮ ಸಮಾಧಿಗೆ ಬೆನ್ನು ಕೊಟ್ಟು ಸೆರಗು ಹರಡಿಕೊಂಡು ನಿಂತು, ಏನೂ ಇಲ್ಲ ಅಂದರಂತೆ. ಗಂಡನನ್ನು ತಿಪ್ಪೆಗುಂಡಿಯ ಪಕ್ಕದ ಸಾಲಿನಲ್ಲಿ ಬರೆಸಿ ಬೆಲೆ ಕಟ್ಟಿಸುವುದೇ? ಆ ಜನಕ್ಕೆ ಅದು ಸಾಯುವಂಥ ಮಾತು. ಹೇಳಿದ್ದರೆ ಆ ಮೂಲೆಯನ್ನು ಪಾರ್ಕಿಗೋ ರಸ್ತೆಗೋ ಬಿಡುತ್ತಿದ್ದರೋ ಏನೋ. ಹೇಳಲಿಲ್ಲ, ಅದರ ಮೇಲೆಯೇ ಗೆರೆ ಎಳೆದು ಸೈಟು ಮಾಡಿದರು. ಸೈಟು ಸಿಕ್ಕವರು ಉತ್ತರದ ಕಡೆ ನೌಕರಿಯಲ್ಲಿದ್ದದ್ದರಿಂದ ಇಷ್ಟು ವರ್ಷ ಅದು ಖಾಲಿ ಬಿದ್ದಿತ್ತು. ಈಗ ಅವರು ರಿಟೈರಾಗಿ ಬಂದಿದ್ದರು. ವಿಜಯದಶಮಿಗೆ ಗುದ್ದಲಿ ಪೂಜೆ.

ಆ ಮನುಷ್ಯ ಕೆಟ್ಟವರೇನಲ್ಲ. ಸಮಾಧಿಯ ಸಂಗತಿ ಕೇಳಿ ಅವರೇ ಬೆದರಿ ಬೆವತುಹೋಗಿದ್ದರು. ಪೂಜೆಯ ದಿನದೊಳಗೆ ನಿಮ್ಮ ಹಿರಿಯರನ್ನು ನೀವು ಶಾಸ್ತ್ರಪ್ರಕಾರ ಕರೆದುಕೊಂಡು ಹೋಗಿಬಿಡಿ, ನಾನು ಅಡ್ಡಿ ಬರುವುದಿಲ್ಲ ಅಂತ ಕೈ ಮುಗಿದಿದ್ದರು. ಮನೆಯ ನಕ್ಷೆಯಲ್ಲಿ ಆ ಮೂಲೆಗೆ ಬರುವುದು ಅಡುಗೆಮನೆ. ಅಷ್ಟು ತಿಳಿದಾಗಿನಿಂದ ಅಕ್ಕಯ್ಯಮ್ಮನ ಗಂಟಲಲ್ಲಿ ಅನ್ನ ಇಳಿಯುತ್ತಿರಲಿಲ್ಲ. ಅವತ್ತು ಸೈಟಿನಿಂದ ಅವನ ಮನೆಗೆ ಹೋದಾಗ ನನ್ನೆದುರಿಗೇ ಮಗನಿಗೆ ಅಂದರು:

“ಬೇರೆಯೋರ ಒಲೆ ಕೆಳಗೆ ನಿಮ್ಮಪ್ಪನ್ನ ಬಿಡಬೇಡ ಮಗ. ಅಷ್ಟು ಮಾಡು ಸಾಕು.”

ಮಾಡುವುದು ಅಷ್ಟು ಸುಲಭವಿರಲಿಲ್ಲ. ಅವರ ಪದ್ಧತಿಯಲ್ಲಿ ಮಹಾಲಯ ಅಮಾವಾಸ್ಯೆಯ ದಿನ ಹಿರಿಮಗ ಸಮಾಧಿಗೆ ಹಾಲು ತುಪ್ಪ ಬಿಟ್ಟು, ತಲೆಯ ಕಡೆಯ ಮಣ್ಣು ತೆಗೆದು ಬಿಳಿ ಬಟ್ಟೆಯಲ್ಲಿ ಕಟ್ಟಿಕೊಳ್ಳಬೇಕು. ಕಟ್ಟಿದ ಗಂಟನ್ನು ದಾರಿಯಲ್ಲಿ ಎಲ್ಲೂ ನೆಲಕ್ಕೆ ಇಳಿಸುವ ಹಾಗಿಲ್ಲ, ಬದುಕುವ ಮನೆಯ ಹೊಸಿಲು ದಾಟಿಸುವ ಹಾಗಿಲ್ಲ. ಬೇಸಾಯ ನಡೆಯುವ ಹೊಲವೇ ಬೇಕು. ಆ ಹೊಲದ ಯಜಮಾನ ತನ್ನ ಬಾಯಿಂದ ‘ಇರಲಿ’ ಅನ್ನಬೇಕು. ಸ್ಮಶಾನಕ್ಕೆ ಒಯ್ದರೆ ಹೇಗೆ ಅಂತ ನಾನು ಕೇಳಿದ್ದಕ್ಕೆ, ಹೊಲದೋನು ಹೊಲದಲ್ಲೇ ಇರಬೇಕು ಅಂತ ಅಕ್ಕಯ್ಯಮ್ಮ ನನ್ನನ್ನೇ ಗದರಿದರು.

ಹನುಮಯ್ಯ ಹೊಲ ಹುಡುಕಲು ಹೊರಟ. ಶಿಫ್ಟ್ ಮುಗಿದ ತಕ್ಷಣ ಸೈಕಲ್ ಹತ್ತಿದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದ. ಮೂಡಲಪಾಳ್ಯದ ನೆಂಟರ ಹೊಲದಲ್ಲಿ ಆಗಲೇ ಬಡಾವಣೆಯ ಗೂಟ ಹೊಡೆದಾಗಿತ್ತು. ಕೆಂಗೇರಿಯ ಕಡೆ ಅವನ ಭಾವ ತನ್ನ ಭೂಮಿಯನ್ನು ಇಟ್ಟಿಗೆ ಗೂಡಿಗೆ ಕೊಟ್ಟು ಕೂತಿದ್ದ. ಉಳಿದದ್ದು ಉಲ್ಲಾಳದ ಸೋದರಮಾವ ಒಬ್ಬರೇ. ಅವರ ಹೊಲದಲ್ಲಿ ಇನ್ನೂ ರಾಗಿ ನಿಂತಿತ್ತು. ಆದರೆ ಮಾವ ಅಳಿಯನ ಭುಜದ ಮೇಲೆ ಕೈ ಇಟ್ಟು, ಇವತ್ತು ನಿಮ್ಮದು ಹೋಯಿತು ನಾಳೆ ನಮ್ಮದು, ಆಮೇಲೆ ನಿಮ್ಮಪ್ಪನನ್ನು ಮತ್ತೆ ಎಬ್ಬಿಸಬೇಕಾಗುತ್ತದೆ, ಮಲಗಿದವರನ್ನು ಎಷ್ಟು ಸಲ ಎಬ್ಬಿಸುತ್ತೀಯೋ ಅಂತ ಕೇಳಿದರಂತೆ. ಇವನು ಸೈಕಲ್ ಹತ್ತಿ ವಾಪಸು ಬಂದ.

ಇಷ್ಟರ ಮೇಲೆ ರಜೆಯದೊಂದು ಕಾಟ. ಜಾಗ ಸಿಗಲಿ ಬಿಡಲಿ, ಅಮಾವಾಸ್ಯೆಯ ದಿನವಂತೂ ಬೇಕೇ ಬೇಕು ಅಂತ ಅವನು ಮೇಷ್ಟ್ರು ಹೇಳಿಕೊಟ್ಟ ವಾಕ್ಯವನ್ನೇ ಗುಂಡಗೆ ಬರೆದುಕೊಂಡು ಪದ್ಮನಾಭರ ಮುಂದೆ ಹೋಗಿ ನಿಂತ. ಮೈ ನೇಟಿವ್ ಪ್ಲೇಸ್ ಈಸ್ ಅತ್ತಿಗುಪ್ಪೆ. ಐ ಆಮ್ ಗೋಯಿಂಗ್ ಟು ಮೈ ನೇಟಿವ್ ಪ್ಲೇಸ್. ಒಂದು ಅಕ್ಷರ ಸುಳ್ಳಿಲ್ಲ. ಪದ್ಮನಾಭರು ಓದಿ ಕನ್ನಡಕ ತೆಗೆದು, ದಿನಾ ನೇಟಿವ್ ಪ್ಲೇಸಿನಿಂದಲೇ ಸೈಕಲ್ಲಿನಲ್ಲಿ ಬರುತ್ತೀಯಲ್ಲಯ್ಯ, ಶಿಫ್ಟ್ ಮುಗಿಸಿ ಹೋಗು ಅಂದರು. ಪಕ್ಕದ ಟೈಪಿಸ್ಟೂ ನಕ್ಕನಂತೆ. ಅಪ್ಪನ ಸಮಾಧಿಯ ವಿಷಯ ಹೇಳಬಾರದಿತ್ತಾ ಅಂತ ನಾನು ಬೈದೆ. ತಾಯಿಯಾದವಳು ಸರ್ವೆಯವರಿಗೇ ಹೇಳದ್ದನ್ನು ಮಗ ಆಫೀಸಿನ ಮೇಜಿನ ಮುಂದೆ, ಅದೂ ಇಂಗ್ಲಿಷಿನಲ್ಲಿ, ಹೇಗೆ ಹೇಳಿಯಾನು ಅಂತ ಆಮೇಲೆ ನನಗೇ ಅನ್ನಿಸಿತು.

ಅವತ್ತು ಮಧ್ಯಾಹ್ನ ಅವನ ಮಿಷನ್ನಿನಲ್ಲಿ ತಂತಿ ತುಂಡಾಗುತ್ತಲೇ ಇತ್ತು. ಕೈ ನಿಲ್ಲುತ್ತಿರಲಿಲ್ಲ. ಎದ್ದು ಹೋಗುವುದು, ಬರುವುದು, ಮತ್ತೆ ಎದ್ದು ಹೋಗುವುದು. ನೋಡಿ ನೋಡಿ ನನಗೆ ರೇಗಿತು. ರೇಗಿದಾಗ ನನ್ನ ಬಾಯಿಂದ ಒಳ್ಳೆಯ ಮಾತು ಬರುವುದು ಅಪರೂಪ, ಅವತ್ತು ಬಂತು.

“ನಮ್ಮೂರನ್ನೇ ಬರ್ಕೊಳಯ್ಯ. ನಮ್ಮ ತೋಟದಲ್ಲಿ ಜಾಗ ಇದೆ, ಅಲ್ಲಿಗೇ ಕರ್ಕೊಂಡು ಹೋಗೋಣ.”

ಅವನು ನಿಂತಲ್ಲೇ ನಿಂತ. ನಿಮ್ಮಣ್ಣ ಒಪ್ಪುತ್ತಾರಾ ಅಂತ ಕೇಳಿದ. ಒಪ್ಪುತ್ತಾನೆ ಅಂದೆ. ತೋಟದ ಯಜಮಾನ ನನ್ನ ಅಣ್ಣ ಶಂಭುಲಿಂಗಪ್ಪ, ಅವನನ್ನು ನಾನು ಕೇಳಿರಲಿಲ್ಲ. ಕೇಳುವುದೂ ಇಲ್ಲ ಅಂತ ಆಗಲೇ ತೀರ್ಮಾನಿಸಿದ್ದೆ. ಮೊದಲೇ ಕೇಳಿದರೆ ಹತ್ತು ಜನರನ್ನು ವಿಚಾರಿಸಿ ಹೇಳುತ್ತೇನೆ ಅನ್ನುವ ಮನುಷ್ಯ ಅವನು, ಹತ್ತು ಜನ ಸೇರಿದರೆ ಬೇಡ ಅನ್ನುವವನು ಒಬ್ಬನಾದರೂ ಇದ್ದೇ ಇರುತ್ತಾನೆ.

ಅಕ್ಕಯ್ಯಮ್ಮನಿಗೆ ಹೇಳುವುದೇ ದೊಡ್ಡ ಚಿಂತೆಯಾಗಿತ್ತು. ಗಂಡನನ್ನು ಅಷ್ಟು ದೂರ, ಹೆಸರು ಕೇಳದ ಊರಿಗೆ ಕಳಿಸುವುದೆಂದರೆ? ಅವರು ಕೇಳಿಸಿಕೊಂಡು ಸುಮಾರು ಹೊತ್ತು ಮೊರದಲ್ಲಿದ್ದ ಅವರೆಕಾಳನ್ನೇ ಹಸನು ಮಾಡಿದರು. ಅಲ್ಲಿ ಲೇಔಟ್ ಬರುತ್ತಾ ಅಂತ ಒಂದೇ ಪ್ರಶ್ನೆ ಕೇಳಿದರು. ನಮ್ಮೂರಿಗೆ ಬಸ್ಸೇ ಸರಿಯಾಗಿ ಬರುವುದಿಲ್ಲ ಅಂದೆ.

“ಜೀವ ಇದ್ದಾಗ ರೈಲು ಹತ್ತಿದೋರಲ್ಲ,” ಅಂದರು. “ಹತ್ತಲಿ ಬಿಡು.”

ಎರಡನೆಯ ಅರ್ಜಿಯನ್ನು ಚಕ್ರಪಾಣಿ ಮೇಷ್ಟ್ರಿಗೆ ತೋರಿಸಲು ಹೋದೆವು. ಐ ಆಮ್ ಟೇಕಿಂಗ್ ಮೈ ಫಾದರ್ ಟು ಹಿಸ್ ನೇಟಿವ್ ಪ್ಲೇಸ್. ಮೈ ಫಾದರ್ಸ್ ನೇಟಿವ್ ಪ್ಲೇಸ್ ಈಸ್ ಗೊರವನಕಟ್ಟೆ, ತಿಪಟೂರ್ ತಾಲ್ಲೂಕ್. ಮೇಷ್ಟ್ರು ಓದಿ, ವಾಕ್ಯವೇನೋ ಸರಿ, ಸಂಗತಿ ನಿಜವೇನು ಅಂತ ಕೇಳಿದರು. ಹನುಮಯ್ಯ ಎಲ್ಲವನ್ನೂ ಹೇಳಿದ. ಅಮಾವಾಸ್ಯೆಯಿಂದ ನಿಜವಾಗುತ್ತೆ ಸಾರ್ ಅಂದ. ಹಾಗಿದ್ದರೆ ‘ಈಸ್’ ತಪ್ಪು, ‘ವಿಲ್ ಬಿ’ ಆಗಬೇಕು ಅಂತ ಮೇಷ್ಟ್ರು ಪೆನ್ನು ತೆಗೆದರು. ತೆಗೆದವರು ಅದನ್ನು ಹಾಗೇ ಹಿಡಿದುಕೊಂಡು ಕೂತರು. ಕೆಳಗೆ ಗಿರಣಿ ಓಡುತ್ತಿತ್ತು. ಕೊನೆಗೆ ಪೆನ್ನನ್ನು ಜೇಬಿಗೆ ಸಿಕ್ಕಿಸಿ, ‘ಈಸ್’ ಇರಲಿ ಅಂದರು. ಮೂವತ್ತು ವರ್ಷ ತಪ್ಪು ತಿದ್ದಿದ ಮನುಷ್ಯ ಒಂದು ತಪ್ಪನ್ನು ಬೇಕೆಂದೇ ಬಿಟ್ಟದ್ದನ್ನು ನಾನು ಕಣ್ಣಾರೆ ಕಂಡೆ.

ಈ ಸಲ ನಾನೂ ಆಫೀಸಿಗೆ ಜೊತೆಗೆ ಹೋದೆ. ಪದ್ಮನಾಭರು ಅತ್ತಿಗುಪ್ಪೆಯ ಹಳೆಯ ಕಥೆ ಮರೆತಿರಲಿಲ್ಲ. ನಿನ್ನದು ಅತ್ತಿಗುಪ್ಪೆ ಅಂದಿದ್ದೆಯಲ್ಲ ಅಂದರು. ತನ್ನದು ಅತ್ತಿಗುಪ್ಪೆಯೇ, ಅಪ್ಪನದು ಗೊರವನಕಟ್ಟೆ ಅಂತ ಹನುಮಯ್ಯ ಇಂಗ್ಲಿಷಿನಲ್ಲೇ ಹೇಳಿದ. ತಂದೆಗೆ ಹುಷಾರಿಲ್ಲವೇ ಅಂತ ಅವರು ಕೇಳಿದರು. ಕೇಳಿದ ರೀತಿಯಲ್ಲಿ ಕೊಂಕಿರಲಿಲ್ಲ, ಆದ್ದರಿಂದ ಇವನಿಗೆ ಇನ್ನೂ ಕಷ್ಟವಾಯಿತು. ಇಲ್ಲಿ ಅವರಿಗೆ ಆಗಿಬರುತ್ತಿಲ್ಲ ಸಾರ್ ಅಂದ. ಸಹಿ ಬಿತ್ತು.

ಅಮಾವಾಸ್ಯೆಯ ಬೆಳಿಗ್ಗೆ ಸೈಟಿನಲ್ಲಿ ನಾವು ಮೂವರೇ. ಹನುಮಯ್ಯ ತಣ್ಣೀರು ಹುಯ್ದುಕೊಂಡು ಒದ್ದೆ ಪಂಚೆಯಲ್ಲಿ ಬಂದು ಹಾಲು ತುಪ್ಪ ಬಿಟ್ಟ. ಅಕ್ಕಯ್ಯಮ್ಮ ಅನ್ನ, ಅವರೆಕಾಳು ಸಾರಿನ ಎಡೆ ಇಟ್ಟು, ಗಂಡನ ಜೊತೆ ಮಾತಾಡುವ ಹಾಗೆಯೇ ಮಾತಾಡಿದರು. ಮಗನ ಜೊತೆ ಹೋಗಿ, ಜೊತೆಗಿರುವವರು ಒಳ್ಳೆಯವರು, ನಾನು ಆಮೇಲೆ ಬರುತ್ತೇನೆ ಅಂದರು. ಹನುಮಯ್ಯ ಮಣ್ಣು ತೆಗೆದು ಬಟ್ಟೆಗೆ ಹಾಕಿ ಗಂಟು ಕಟ್ಟಿದ. ಹೆಗಲ ಮೇಲಿನ ಕೂಸನ್ನು ಇಳಿಸಿಕೊಳ್ಳುವ ಹಾಗೆ ಅದನ್ನು ಎದೆಗೆ ಒತ್ತಿಕೊಂಡು ಎದ್ದ. ಬಟ್ಟೆ ಬದಲಿಸಲೂ ಮನೆಗೆ ಹೋಗುವಂತಿಲ್ಲ, ನಾನೇ ಅವನಿಗೆ ಶರಟು ಹೊದಿಸಿದೆ. ಸೈಕಲ್ ತುಳಿಯುವಂತೆಯೂ ಇಲ್ಲ. ಮಲ್ಲೇಶ್ವರದ ಸ್ಟೇಷನ್ನಿನ ತನಕ ನಡೆದೇ ಹೋದೆವು.

ಹಬ್ಬದ ಪ್ಯಾಸೆಂಜರ್ ರೈಲು, ಕಾಲಿಡಲು ಜಾಗವಿರಲಿಲ್ಲ. ಬೋಗಿಯ ತುಂಬ ನೇಟಿವ್ ಪ್ಲೇಸಿಗೆ ಹೊರಟ ಜನ. ಹೆಂಗಸೊಬ್ಬರು ಸರಿದು ಅವನಿಗೆ ಜಾಗ ಮಾಡಿಕೊಟ್ಟರು. ಗಂಟನ್ನು ಕೆಳಗಿಡಪ್ಪ, ಕೈ ನೋಯುತ್ತೆ ಅಂದರು. ಅವನು ತಲೆಯಲ್ಲಾಡಿಸಿದ. ಅವತ್ತು ಮೊದಲ ಸಲ ಹನುಮಯ್ಯ ಕೂತಲ್ಲಿ ಕೂತಿದ್ದನ್ನು ನೋಡಿದೆ. ತುಮಕೂರು ದಾಟಿತು, ಗುಬ್ಬಿ ದಾಟಿತು, ಅವನು ಕಾಲು ಕೂಡ ಅಲುಗಿಸಲಿಲ್ಲ. ಬದಲಿಗೆ ನಾನು ಒದ್ದಾಡುತ್ತಿದ್ದೆ. ಬಾಗಿಲಿಗೆ ಹೋಗುವುದು, ಬರುವುದು, ಗೇಣು ಜಾಗದಲ್ಲಿ ಶತಪಥ. ಅಣ್ಣ ಒಲ್ಲೆ ಅಂದರೆ ಈ ಮನುಷ್ಯ ಆ ಗಂಟನ್ನು ಎಲ್ಲಿ ಇಳಿಸುತ್ತಾನೆ? ವಾಪಸು ಹೋಗುವುದಕ್ಕೆ ಆ ಜಾಗವೂ ಇಲ್ಲವಲ್ಲ. ಇನ್ನು ಹತ್ತು ದಿನಕ್ಕೆ ಅಲ್ಲಿ ಗುದ್ದಲಿ ಬೀಳುತ್ತದೆ. ನನ್ನ ದೊಡ್ಡಸ್ತಿಕೆಯ ಮಾತಿಗೆ ನಾನೇ ಶಾಪ ಹಾಕಿಕೊಂಡೆ.

ನಾವು ಹೋದಾಗ ಅಣ್ಣ ತೋಟದಲ್ಲಿ ತೆಂಗಿನ ಬುಡಕ್ಕೆ ನೀರು ತಿರುಗಿಸುತ್ತಿದ್ದ. ನಾನು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅವನು ಸನಿಕೆಯ ಹಿಡಿಯ ಮೇಲೆ ಗದ್ದ ಊರಿ ಕೇಳಿಸಿಕೊಂಡ. ಮನೆಯ ದೇವರ ಮುಂದೆ ಎಡೆ ಇಡುವ ದಿನ, ಯಾರದೋ ಹಿರಿಯರನ್ನು ಹೇಳದೆ ಕೇಳದೆ ತೋಟಕ್ಕೆ ತಂದಿದ್ದೀಯ ಅಂದ. ದನಿ ಎತ್ತಲಿಲ್ಲ. ಹನುಮಯ್ಯ ಬಿಸಿಲಲ್ಲಿ ಗಂಟು ಹಿಡಿದು ನಿಂತೇ ಇದ್ದ. ಕಾಲುವೆಯ ನೀರು ಸಾಲು ತುಂಬಿ ಆಚೆ ಹರಿಯತೊಡಗಿತು, ಅಣ್ಣ ಅದನ್ನೂ ನೋಡಲಿಲ್ಲ. ಅವನ ಕಣ್ಣು ಹನುಮಯ್ಯನ ಕೈಗಳ ಮೇಲಿತ್ತು.

“ನಿಮ್ಮಪ್ಪ ಏನು ಬೆಳೀತಿದ್ರು?” ಅಂತ ಕೇಳಿದ.

“ರಾಗಿ. ಸಾಲಲ್ಲಿ ಅವರೆ. ಬಾವಿ ತುಂಬಿದ್ರೆ ಸೊಪ್ಪು.”

“ಬೇಸಾಯದೋರು,” ಅಂದ ಅಣ್ಣ. ಸನಿಕೆ ಎತ್ತಿಕೊಂಡ. “ಬಿಸಿಲಲ್ಲಿ ಯಾಕೆ ನಿಲ್ಲಿಸಿದೀರಿ ಅವರ್ನ? ಬನ್ನಿ ಈ ಕಡೆ. ಇರಲಿ.”

ತೋಟದ ಬದುವಿಗೆ, ನಮ್ಮ ಅಪ್ಪ ಅವ್ವನ ಸಮಾಧಿಯಿಂದ ಕೂಗಳತೆಯಲ್ಲಿ, ನೀರು ನುಗ್ಗದ ಒಂದು ಎತ್ತರದ ಜಾಗ ತೋರಿಸಿದ. ಅಣ್ಣನೇ ಅಗೆದ. ಹನುಮಯ್ಯ ಗಂಟು ಇಳಿಸಿ, ಮಣ್ಣು ಮುಚ್ಚಿ, ಅದರ ಪಕ್ಕದಲ್ಲೇ ಕೂತುಬಿಟ್ಟ. ಆಮೇಲೆ ಅವನು ಅತ್ತ ಅಳು ನನಗೆ ಇವತ್ತಿಗೂ ಕಿವಿಯಲ್ಲಿದೆ. ಅಪ್ಪ ಸತ್ತಾಗ ಅತ್ತಿರಲಿಲ್ಲವಂತೆ. ಅವತ್ತು ಮನೆಗೆ ಬಂದು ನಮ್ಮ ಅತ್ತಿಗೆ ಬಡಿಸಿದ್ದನ್ನು ಉಂಡು, ಜಗುಲಿಯ ಮೇಲೆ ಗೋಡೆಗೆ ಒರಗಿ ಕಾಲು ಚಾಚಿದ.

ವಿಜಯದಶಮಿಗೆ ಅತ್ತಿಗುಪ್ಪೆಯ ಸೈಟಿನಲ್ಲಿ ಗುದ್ದಲಿ ಪೂಜೆಯಾಯಿತು. ಅಕ್ಕಯ್ಯಮ್ಮ ಹೋಗಿ ಸೈಟಿನವರಿಂದ ತಾಂಬೂಲ ತೆಗೆದುಕೊಂಡು ಬಂದರು. ಹೊಂಗೆ ಮರ ಹೋಯಿತು, ಮನೆ ಬಂತು. ಆ ಅಡುಗೆಮನೆಯ ಕಿಟಕಿಯಿಂದ ಒಗ್ಗರಣೆಯ ವಾಸನೆ ಬೀದಿಗೆ ಬರುವಾಗ ಹನುಮಯ್ಯ ಈಗ ಸೈಕಲ್ ನಿಲ್ಲಿಸದೆ ಹೋಗುತ್ತಾನೆ.

ಮುಂದಿನ ವರ್ಷದಿಂದ ಅಮಾವಾಸ್ಯೆ ಹತ್ತಿರ ಬಂದರೆ ಅವನ ಅರ್ಜಿಯೇ ಮೊದಲು. ಐ ಆಮ್ ಗೋಯಿಂಗ್ ಟು ಮೈ ನೇಟಿವ್ ಪ್ಲೇಸ್. ‘ಮೈ ಫಾದರ್ಸ್’ ಅನ್ನುವುದನ್ನು ಯಾವಾಗಲೋ ಬಿಟ್ಟಿದ್ದಾನೆ. ಮೊದಲ ಸಲ ತಾಯಿಯನ್ನೂ ಕರೆದುಕೊಂಡು ಹೋದ. ಆಮೇಲೆ ಯುಗಾದಿಗೂ ಹೊರಟ. ನನ್ನ ಕಥೆ ಬೇರೆಯಾಯಿತು. ಮಗಳ ಪರೀಕ್ಷೆ, ಹೆಂಡತಿಯ ಆಪರೇಷನ್ನು, ಅತ್ತಿಗುಪ್ಪೆಯಲ್ಲೇ ಒಂದು ಅರ್ಧ ಸೈಟಿನಲ್ಲಿ ಮನೆ ಕಟ್ಟುವ ಗಡಿಬಿಡಿ. ಒಂದು ಹಬ್ಬ ತಪ್ಪಿತು, ಎರಡು ತಪ್ಪಿತು. ಹೋದ ವರ್ಷ, ಎಂಬತ್ತೆಂಟರಲ್ಲಿ, ಅಮಾವಾಸ್ಯೆಗೆ ಪದ್ಮನಾಭರು ಡ್ಯೂಟಿಗೆ ಜನ ಹುಡುಕುತ್ತ ವೈಂಡಿಂಗ್ ಸೆಕ್ಷನ್ನಿಗೆ ಬಂದು, ಗಂಗಾಧರಯ್ಯ ಲೋಕಲ್ ತಾನೇ, ಅವರನ್ನೇ ಹಾಕಿ ಅಂದರು. ಅಲ್ಲ ಅನ್ನಲು ಬಾಯಿ ತೆರೆದೆ. ಮೇಷ್ಟ್ರು ಹೇಳಿಸಿದ ಮೂರು ವಾಕ್ಯಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಹನುಮಯ್ಯ ರೈಲಿನಿಂದ ನೇರ ಕಾರ್ಖಾನೆಗೇ ಬಂದ. ಟೀ ಗಂಟೆ ಹೊಡೆದಾಗ ಗೋಡೆಗೆ ಒರಗಿ, ಕಾಲು ಚಾಚಿ, ಚೀಲ ಬಿಚ್ಚಿದ. ಅಣ್ಣ ಕಳಿಸಿದ ಕಾಯಿ, ಅತ್ತಿಗೆ ಮಾಡಿದ ಚಕ್ಕುಲಿ. ಕಟ್ಟೆ ತುಂಬಿದೆಯಂತೆ, ಕೆಂದ ಹಸು ಹೆಣ್ಣುಗರು ಹಾಕಿದೆಯಂತೆ, ಅಣ್ಣನಿಗೆ ಮಂಡಿ ನೋವಂತೆ, ಈ ಸಲ ನಮ್ಮಪ್ಪ ಅವ್ವನ ಸಮಾಧಿಗೂ ಅವನೇ ನೀರು ಚಿಮುಕಿಸಿ ಬಂದನಂತೆ.

“ಎಲ್ಲಾ ನಿನ್ನೇ ಕೇಳಿದ್ರು ಗುರು,” ಅಂದ. “ಯಾವಾಗ ಬರ್ತಾನೆ ಅಂತ.”

ನಾನು ಒಂದು ಚಕ್ಕುಲಿ ಬಾಯಿಗಿಟ್ಟುಕೊಂಡೆ. ಕೇಳುತ್ತ ಕೇಳುತ್ತ ಕೂರಲಾಗಲಿಲ್ಲ. ಲೋಟ ಹಿಡಿದುಕೊಂಡು ಎದ್ದು ಗೇಟಿನ ತನಕ ಹೋಗಿ ಬಂದೆ.